ರಿಪೋರ್ಟಿನಲ್ಲಿ ಕಾಣದ ನೋವು

‘ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ’ ಎಂಬ ಗಾದೆ ನಮ್ಮ ಉತ್ತರ ಕನ್ನಡದಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಗೋಕರ್ಣದಲ್ಲಿ ಪೂಜೆಗೆ, ದಾನಕ್ಕೆ ಕೈಯಲ್ಲಿ ದುಡ್ಡು ಬೇಕು. ಯಾಣಕ್ಕೆ ಮೈಯಲ್ಲಿ ಕಸುವು ಬೇಕು. ಕುಮಟಾ ತಾಲ್ಲೂಕಿನ ಘಟ್ಟದ ಕಾಡಿನೊಳಗೆ ಕಪ್ಪು ಸುಣ್ಣಕಲ್ಲಿನ ಆ ಎರಡು ಹೆಬ್ಬಂಡೆಗಳು ನಿಂತಿವೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ರಸ್ತೆ ಆಗುವ ಮೊದಲು ಅಲ್ಲಿಗೆ ಹೋಗುವವರು ಗುಡ್ಡ ಹತ್ತಿ, ಹಳ್ಳ ದಾಟಿ, ಉಂಬಳ ಕಚ್ಚಿಸಿಕೊಂಡು ಮೈಲುಗಟ್ಟಲೆ ನಡೆಯಬೇಕಿತ್ತು. ಈಗಲೂ ಗಾಡಿ ನಿಂತಲ್ಲಿಂದ ಮುಂದೆ ಕಾಡಿನ ದಾರಿ, ಆಮೇಲೆ ಮೆಟ್ಟಿಲು. ಶಿವರಾತ್ರಿಯ ಜಾತ್ರೆಗೆ ಮುದುಕರೂ ಮಕ್ಕಳೂ ಹತ್ತಿ ಹೋಗುತ್ತಾರೆ. ಹತ್ತಲಾಗದವರನ್ನು ಕಂಡರೆ, ‘ಇಷ್ಟು ಪ್ರಾಯಕ್ಕೇ ಹೀಗಾ?’ ಎಂದು ಕೇಳಿಬಿಡುತ್ತೇವೆ.

ಇವತ್ತು ನಾನು ಮಾತಾಡಲು ಬಂದಿರುವುದು ಹಾಗೆ ಕೇಳಿಸಿಕೊಂಡವರ ಬಗ್ಗೆ. ಅವರ ಕೈಕಾಲು ನೆಟ್ಟಗಿವೆ. ಜ್ವರವಿಲ್ಲ, ಬಾವಿಲ್ಲ, ಗಾಯವಿಲ್ಲ. ಆದರೆ ಬೆಳಗ್ಗೆ ಹಾಸಿಗೆಯಿಂದ ಏಳುವಾಗಲೇ ಮೈ ಜಜ್ಜಿಹೋಗಿರುತ್ತದೆ. ಕತ್ತು, ಹೆಗಲು, ಬೆನ್ನು, ಸೊಂಟ, ತೊಡೆ ಹೀಗೆ ದಿನಕ್ಕೊಂದು ಕಡೆ ನೋವು, ಕೆಲವು ದಿನ ಎಲ್ಲ ಕಡೆಯೂ. ರವಕೆಯ ತೋಳು ಬಿಗಿಯಾದರೂ ಸಂಕಟ. ಮಗು ಪ್ರೀತಿಯಿಂದ ಬಂದು ಹೆಗಲಿಗೆ ಜೋತುಬಿದ್ದರೆ ಕಣ್ಣಲ್ಲಿ ನೀರು ಬರುತ್ತದೆ. ರಾತ್ರಿ ಎಂಟು ತಾಸು ಮಲಗಿ ಎದ್ದರೂ ನಿದ್ದೆಯಾದ ಸಮಾಧಾನವಿಲ್ಲ. ಮಾತಾಡುತ್ತ ಮಾತಾಡುತ್ತ ಬೇಕಾದ ಪದ ಸಿಗುವುದಿಲ್ಲ. ಒಲೆಯ ಮೇಲೆ ಹಾಲಿಟ್ಟದ್ದು ಮರೆತೇಹೋಗುತ್ತದೆ. ಜೊತೆಗೆ ತಲೆನೋವು, ಹೊಟ್ಟೆಯುಬ್ಬರ, ಗದ್ದಲವಾದರೆ ತಡೆಯಲಾಗದಂಥ ಕಿರಿಕಿರಿ. ಈ ಕಾಯಿಲೆಗೆ ವೈದ್ಯರು ಇಟ್ಟಿರುವ ಹೆಸರು ಫೈಬ್ರೊಮಯಾಲ್ಜಿಯಾ.

ನಾನು ವೈದ್ಯನಲ್ಲ. ನಮ್ಮ ಅತ್ತಿಗೆ ಈ ನೋವಿನ ಜೊತೆ ವರ್ಷಗಳಿಂದ ಬದುಕುತ್ತಿದ್ದಾರೆ. ಅವರಿಗಾಗಿ ಓದಿದ್ದನ್ನು, ತಜ್ಞರಲ್ಲಿ ಕೇಳಿ ತಿಳಿದದ್ದನ್ನು, ಮನೆಯೊಳಗೆ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಈ ಕಾಯಿಲೆಯಲ್ಲಿ ನೋವಿನಷ್ಟೇ ಸುಡುವ ಇನ್ನೊಂದು ಸಂಗತಿಯಿದೆ. ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿ. ಎಕ್ಸ್‌ರೇ ಸರಿ. ಸಾಲ ಮಾಡಿ ಎಂಆರ್‌ಐ ಮಾಡಿಸಿದರೂ ಸರಿ. ನಮ್ಮ ಅತ್ತಿಗೆ ಹೀಗೆ ಕಾಗದಗಳ ಕಟ್ಟು ಹಿಡಿದು ಮನೆಗೆ ಬಂದ ದಿನ ಹಿರಿಯರೊಬ್ಬರು, ‘ತಂಗಿ, ರಿಪೋರ್ಟ್ ಎಲ್ಲ ಚೊಲೋ ಇದ್ದು, ನಿಂಗೆ ಎಂತೂ ಆಯ್ದಿಲ್ಲೆ’ ಎಂದರು. ಧೈರ್ಯ ಹೇಳಲೆಂದೇ ಆಡಿದ ಮಾತು ಅದು. ‘ಎಂತೂ ಆಯ್ದಿಲ್ಲೆ ಅಂದ್ರೆ ಇದು ಎಂತಕ್ಕೆ ನೋವ್ತು?’ ಎಂದು ಅತ್ತಿಗೆ ಕೇಳಿದ್ದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಎಷ್ಟೋ ಮನೆಗಳಲ್ಲಿ ಇದರ ಮುಂದಿನ ಹೆಜ್ಜೆ ಜಾತಕ ತೋರಿಸುವುದು, ದೇವರಲ್ಲಿ ಪ್ರಸಾದ ಕೇಳುವುದು. ಅದಕ್ಕೂ ಮುಂದಿನದು ‘ಮೈಗಳ್ಳಿ’ ಎಂಬ ಹೆಸರು. ಆ ಹೆಸರು ಒಮ್ಮೆ ಬಿದ್ದ ಮೇಲೆ ಹೆಂಗಸು ನೋವು ಹೇಳುವುದನ್ನೇ ಬಿಡುತ್ತಾಳೆ. ಮಾತು ನಿಂತಿತೆಂದು ಮನೆಯವರು ವಾಸಿಯಾಯಿತು ಎಂದುಕೊಳ್ಳುತ್ತಾರೆ.

ಹಾಗಾದರೆ ಇದು ನಿಜವಾದ ಕಾಯಿಲೆಯೇ? ಹೌದು. ವೈದ್ಯಲೋಕವೂ ಇದನ್ನು ಅರ್ಥಮಾಡಿಕೊಳ್ಳಲು ಬಹಳ ಕಾಲ ತೆಗೆದುಕೊಂಡಿತು. 1904ರಲ್ಲಿ ಇಂಗ್ಲೆಂಡಿನ ನರರೋಗ ತಜ್ಞ ವಿಲಿಯಂ ಗೋವರ್ಸ್, ಇಂಥ ನೋವಿಗೆ ಸ್ನಾಯುಗಳ ನಾರಿನಲ್ಲಿ ಉಂಟಾಗುವ ಉರಿಯೂತ ಕಾರಣವೆಂದು ಬಗೆದು ಫೈಬ್ರೊಸೈಟಿಸ್ ಎಂದು ಕರೆದರು. ಆದರೆ ಸ್ನಾಯುವಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಉರಿಯೂತದ ಗುರುತೇ ಸಿಗಲಿಲ್ಲ. 1976ರಲ್ಲಿ ಈಗಿನ ಹೆಸರು ಬಂತು. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ಮೈಮೇಲಿನ 18 ಬಿಂದುಗಳನ್ನು ಗುರುತಿಸಿ, ಅವುಗಳಲ್ಲಿ 11 ಕಡೆಯಾದರೂ ಬೆರಳಿನಿಂದ ಒತ್ತಿದಾಗ ನೋವಾಗಬೇಕೆಂಬ ನಿಯಮ ಮಾಡಿತು. ಒತ್ತಿ ನೋಡುವ ಬದಲು, ನೋವಿನ ಜೊತೆ ನಿದ್ದೆ, ದಣಿವು, ಮರೆವನ್ನೂ ಕೇಳಬೇಕೆಂದು 2010ರಲ್ಲಿ ಅದೇ ಸಂಸ್ಥೆ ಹೊಸ ಮಾನದಂಡ ತಂದಿತು. 2022ರಿಂದ ಜಾರಿಗೆ ಬಂದಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಇದನ್ನು ದೀರ್ಘಕಾಲದ ಪ್ರಾಥಮಿಕ ನೋವುಗಳ ಗುಂಪಿಗೆ ಸೇರಿಸಿದೆ. ಅಂದರೆ ಇಲ್ಲಿ ನೋವು ಬೇರೊಂದು ರೋಗದ ಲಕ್ಷಣವಲ್ಲ, ನೋವೇ ರೋಗ.

ಇದನ್ನು ಅರ್ಥಮಾಡಿಕೊಳ್ಳಲು ನಮಗೆ ಯಾಣದ ಕತೆಯೇ ಸಾಕು. ಯಾರ ತಲೆಯ ಮೇಲೆ ಕೈಯಿಟ್ಟರೂ ಸುಟ್ಟು ಬೂದಿಯಾಗುವ ವರವನ್ನು ಭಸ್ಮಾಸುರ ಶಿವನಿಂದ ಪಡೆದ. ವಿಷ್ಣು ಮೋಹಿನಿಯಾಗಿ ಬಂದು ಕುಣಿಸಿದಾಗ ಆ ಕೈಯನ್ನು ತನ್ನ ತಲೆಯ ಮೇಲೇ ಇಟ್ಟುಕೊಂಡ. ಯಾಣದ ಸುತ್ತಲಿನ ಕಪ್ಪು ಮಣ್ಣು ಅವನದೇ ಬೂದಿ ಎಂದು ಜನ ನಂಬುತ್ತಾರೆ. ನೋವು ಕೂಡ ಶರೀರಕ್ಕೆ ಸಿಕ್ಕ ವರವೇ. ಬೆಂಕಿ ತಾಗಿದರೆ ಕೈ ಹಿಂದೆಗೆಯುತ್ತೇವೆ, ಮುಳ್ಳು ಚುಚ್ಚಿದರೆ ಕಾಲೆತ್ತುತ್ತೇವೆ. ನೋವೇ ಇಲ್ಲದವರು ಬದುಕಿ ಉಳಿಯುವುದು ಕಷ್ಟ. ಫೈಬ್ರೊಮಯಾಲ್ಜಿಯಾದಲ್ಲಿ ಕಾಯಬೇಕಾದ ಆ ಶಕ್ತಿ ತಿರುಗಿ ಹೊತ್ತವರ ತಲೆಯ ಮೇಲೇ ಕೈಯಿಡುತ್ತದೆ. ಮೆದುಳು ಮತ್ತು ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ದೊಡ್ಡದು ಮಾಡುವ ಏರ್ಪಾಡು ಬಲವಾಗಿ, ತಗ್ಗಿಸುವ ಏರ್ಪಾಡು ಸೋತಿರುತ್ತದೆ. ಸಾಮಾನ್ಯರಿಗೆ ಬರಿಯ ಸ್ಪರ್ಶವೆನಿಸುವುದು ಇವರಿಗೆ ನೋವಾಗಿ ತಲುಪುತ್ತದೆ.

ಇದು ಊಹೆಯ ಮಾತಲ್ಲ. 2002ರಲ್ಲಿ ಅಮೆರಿಕದ ಸಂಶೋಧಕರು ಈ ಕಾಯಿಲೆಯವರ ಮತ್ತು ಆರೋಗ್ಯವಂತರ ಹೆಬ್ಬೆರಳಿನ ಉಗುರನ್ನು ಅಳತೆಯಿಟ್ಟು ಒತ್ತುತ್ತ, ಅದೇ ಹೊತ್ತಿಗೆ ಮೆದುಳಿನ ಸ್ಕ್ಯಾನ್ ತೆಗೆದರು. ಆರೋಗ್ಯವಂತರ ಮೆದುಳು ಹೆಚ್ಚಿನ ಒತ್ತಡಕ್ಕೆ ಹೇಗೆ ಸ್ಪಂದಿಸಿತೋ, ಇವರ ಮೆದುಳು ಎಷ್ಟೋ ಕಡಿಮೆ ಒತ್ತಡಕ್ಕೇ ಹಾಗೆ ಸ್ಪಂದಿಸಿತು. ‘ನೋಯುತ್ತಿದೆ’ ಎಂದು ಬಾಯಿ ಹೇಳಿದ್ದನ್ನೇ ಮೆದುಳಿನ ಚಿತ್ರವೂ ಹೇಳಿತು. ಇವರ ಬೆನ್ನುಹುರಿಯ ದ್ರವದಲ್ಲಿ ನೋವಿನ ಸಂದೇಶ ಒಯ್ಯುವ ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕ ಹೆಚ್ಚಾಗಿರುವುದೂ ಅದಕ್ಕಿಂತ ಮೊದಲೇ ತಿಳಿದಿತ್ತು. 2021ರಲ್ಲಿ ಬ್ರಿಟನ್ ಮತ್ತು ಸ್ವೀಡನ್ನಿನ ವಿಜ್ಞಾನಿಗಳು ಈ ರೋಗಿಗಳ ರಕ್ತದ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಇಲಿಗಳಿಗೂ ನೋವಿನ ಸೂಕ್ಷ್ಮತೆ ಬಂತು. ಆ ದಾರಿಯಲ್ಲಿ ಔಷಧ ಇನ್ನೂ ದೊರೆತಿಲ್ಲ. ಆದರೆ ‘ಎಲ್ಲ ನಿನ್ನ ಮನಸ್ಸಿನದು’ ಎನ್ನುವವರಿಗೆ ಇಷ್ಟು ಸಾಕು ಎಂದು ನನಗನ್ನಿಸುತ್ತದೆ. ಇಲಿಗೆ ಯಾವ ಅತ್ತೆಯ ಮೇಲೆ ಸಿಟ್ಟಿರುತ್ತದೆ, ಯಾವ ಕೆಲಸ ತಪ್ಪಿಸಿಕೊಳ್ಳಬೇಕಿರುತ್ತದೆ?

ನಿದ್ದೆಯದು ಇನ್ನೊಂದು ಕತೆ. 1970ರ ದಶಕದಲ್ಲಿ ಕೆನಡಾದ ಟೊರಾಂಟೊದಲ್ಲಿ ಹಾರ್ವಿ ಮೊಲ್ಡೊಫ್‌ಸ್ಕಿ ಎಂಬ ವೈದ್ಯರು ಆರೋಗ್ಯವಂತರನ್ನು ಮಲಗಿಸಿ, ಗಾಢ ನಿದ್ದೆ ಬರುವ ಹೊತ್ತಿಗೆ ಸದ್ದು ಮಾಡಿ ಅದನ್ನು ಕೆಡಿಸಿದರು. ಪೂರ್ತಿ ಎಚ್ಚರಿಸಲಿಲ್ಲ, ಗಾಢ ನಿದ್ದೆಯನ್ನಷ್ಟೇ ತಪ್ಪಿಸಿದರು. ಹೀಗೆ ಕೆಲವು ರಾತ್ರಿ ಕಳೆಯುವಷ್ಟರಲ್ಲಿ ಅವರಿಗೂ ಮೈಕೈ ನೋವು, ಒತ್ತಿದರೆ ನೋಯುವುದು, ದಣಿವು ಶುರುವಾಯಿತು. ನೋವಿನಿಂದ ನಿದ್ದೆ ಕೆಡುತ್ತದೆ, ಕೆಟ್ಟ ನಿದ್ದೆ ನೋವನ್ನು ಹೆಚ್ಚಿಸುತ್ತದೆ. ಅಡಕೆ ಸುಗ್ಗಿಯಲ್ಲಿ ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದು, ಬೆಳಗಿನ ಜಾವ ಮತ್ತೆ ಕೊಟ್ಟಿಗೆಗೆ ಏಳುವ ನಮ್ಮ ಹೆಂಗಸರನ್ನು ನೆನೆದರೆ ಈ ಸಂಶೋಧನೆ ದೂರದ್ದು ಅನ್ನಿಸುವುದಿಲ್ಲ. ದುಡಿಮೆಯೇ ಈ ಕಾಯಿಲೆಗೆ ಕಾರಣ ಎಂದಲ್ಲ. ಕಾಯಿಲೆ ಇರುವ ಮೈಗೆ ನಿದ್ದೆಗೆಟ್ಟ ಸುಗ್ಗಿ ಬಹಳ ದುಬಾರಿ.

ಯಾರಿಗೆ ಬರುತ್ತದೆ ಇದು? ಲೋಕದ ಜನರಲ್ಲಿ ನೂರಕ್ಕೆ 2ರಿಂದ 4 ಮಂದಿಗೆ ಇದೆಯೆಂದು ಅಂದಾಜು, ಹೆಂಗಸರಲ್ಲಿ ಹೆಚ್ಚು. ಗಂಡಸರಿಗೂ ಮಕ್ಕಳಿಗೂ ಬರುತ್ತದೆ, ಗಂಡಸರು ಹೇಳಿಕೊಳ್ಳುವುದು ಕಡಿಮೆ. ಕೆಲವು ಮನೆತನಗಳಲ್ಲಿ ತಾಯಿಗಿದ್ದದ್ದು ಮಗಳಿಗೂ ಕಾಣಿಸುತ್ತದೆ. ಅಪಘಾತ, ಶಸ್ತ್ರಚಿಕಿತ್ಸೆ, ದೊಡ್ಡ ದುಃಖ, ವೈರಸ್ ಜ್ವರ ಇವು ಇದನ್ನು ಎಬ್ಬಿಸಬಹುದು. 2006ರಲ್ಲಿ ಕರ್ನಾಟಕದ ಹಳ್ಳಿಹಳ್ಳಿಯನ್ನು ಚಿಕುನ್‌ಗುನ್ಯಾ ಮಲಗಿಸಿದ್ದು ನಿಮಗೆ ನೆನಪಿರಬಹುದು. ಜ್ವರ ಹೋದ ಮೇಲೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೈನೋವು ಬಿಡದವರಲ್ಲಿ ಕೆಲವರದು ಕೀಲಿನ ಉರಿಯೂತವಾದರೆ, ಇನ್ನು ಕೆಲವರದು ಇದೇ ಫೈಬ್ರೊಮಯಾಲ್ಜಿಯಾ.

ನಮ್ಮ ಕಡೆಯವರಿಗೆ ವೈದ್ಯರ ವಿಚಾರದಲ್ಲಿ ಒಂದು ನಿರಾಶೆ ಇದೆ, ಅದು ನ್ಯಾಯವಾದದ್ದು. ಭಟ್ಕಳ, ಹೊನ್ನಾವರ, ಕುಮಟಾದವರು ದೊಡ್ಡ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತ ಮೇಲೆ, ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಎಷ್ಟು ಜೋರಾಯಿತೆಂದು ನಾವೆಲ್ಲ ಕಂಡಿದ್ದೇವೆ. ಆ ಬೇಡಿಕೆ ಈಡೇರಲೇಬೇಕು. ಆದರೆ ಫೈಬ್ರೊಮಯಾಲ್ಜಿಯಾ ಗುರುತಿಸಲು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಕಿವಿಗೊಟ್ಟು ಕೇಳುವ ಒಬ್ಬ ಎಂಬಿಬಿಎಸ್ ವೈದ್ಯರು, ಅರ್ಧ ತಾಸು ಸಮಯ, ಕೆಲವು ಸಾದಾ ರಕ್ತಪರೀಕ್ಷೆ ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲೇ ಇದು ಗೊತ್ತಾಗುತ್ತದೆ.

ವೈದ್ಯರು ಮೈಯ 19 ಭಾಗಗಳ ಹೆಸರು ಹೇಳಿ, ಕಳೆದ ಒಂದು ವಾರದಲ್ಲಿ ಎಲ್ಲೆಲ್ಲಿ ನೋವಿತ್ತೆಂದು ಕೇಳುತ್ತಾರೆ. ದಣಿವು, ನಿದ್ದೆ, ಮರೆವು ಎಷ್ಟಿದೆಯೆಂದು ಕೇಳುತ್ತಾರೆ. ಇದು ಕನಿಷ್ಠ ಮೂರು ತಿಂಗಳಿಂದ ಇರಬೇಕು. ಹಿಮೋಗ್ಲೋಬಿನ್, ಥೈರಾಯ್ಡ್, ಇಎಸ್‌ಆರ್, ಸಿಆರ್‌ಪಿ, ಬೇಕಾದರೆ ವಿಟಮಿನ್ ಡಿ ಪರೀಕ್ಷೆ ಮಾಡಿಸುವುದು ಬೇರೆ ಕಾಯಿಲೆ ಅಡಗಿದೆಯೇ ಎಂದು ನೋಡಲಿಕ್ಕೆ. ಫೈಬ್ರೊಮಯಾಲ್ಜಿಯಾವನ್ನು ತೋರಿಸುವ ಪರೀಕ್ಷೆ ಯಾವುದೂ ಇಲ್ಲ. ಆದ್ದರಿಂದ ಊರೂರು ತಿರುಗಿ ಅದೇ ಸ್ಕ್ಯಾನ್ ಮತ್ತೆ ಮತ್ತೆ ಮಾಡಿಸುವುದು ವ್ಯರ್ಥ. ಒಂದು ಎಚ್ಚರಿಕೆ ಮಾತ್ರ ಇರಲಿ. ಕೀಲು ಕಣ್ಣಿಗೆ ಕಾಣುವಂತೆ ಬಾತರೆ, ಜ್ವರ ಬಿಡದಿದ್ದರೆ, ತೂಕ ಇಳಿದರೆ, ಕೈಕಾಲಿನ ಬಲವೇ ಕುಂದಿದರೆ ಅದನ್ನು ಈ ಲೆಕ್ಕಕ್ಕೆ ಸೇರಿಸಿ ಸುಮ್ಮನಿರಬೇಡಿ. ಆಗ ಸಂಧಿವಾತ ತಜ್ಞರನ್ನೋ ನರರೋಗ ತಜ್ಞರನ್ನೋ ಕಾಣಲೇಬೇಕು.

ಈ ಕಾಯಿಲೆ ಕೀಲುಗಳನ್ನು ಸೊಟ್ಟ ಮಾಡುವುದಿಲ್ಲ, ಅಂಗ ಕೆಡಿಸುವುದಿಲ್ಲ, ಜೀವ ತೆಗೆಯುವುದಿಲ್ಲ. ಬೇರುಸಹಿತ ಕೀಳುವ ಮದ್ದೂ ಇಲ್ಲ. ‘ಪೂರ್ತಿ ಗುಣ ಮಾಡಿಕೊಡುತ್ತೇವೆ’ ಎನ್ನುವವರಿಂದ ದೂರವಿರಿ.

ಮದ್ದುಗಳು ಕೆಲವಿವೆ. ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್, ಇಲ್ಲವೇ ಡ್ಯುಲೊಕ್ಸೆಟಿನ್, ಪ್ರಿಗ್ಯಾಬಲಿನ್. ಅಮೆರಿಕದ ಔಷಧ ಇಲಾಖೆ ಈ ಕಾಯಿಲೆಗೆಂದು ಮೊದಲು ಒಪ್ಪಿದ ಔಷಧ ಪ್ರಿಗ್ಯಾಬಲಿನ್, 2007ರಲ್ಲಿ. ಇವುಗಳಲ್ಲಿ ಕೆಲವು ಖಿನ್ನತೆಗೂ ಕೊಡುವ ಮಾತ್ರೆಗಳು. ಚೀಟಿ ನೋಡಿ ‘ನನಗೆ ಹುಚ್ಚಿನ ಮಾತ್ರೆ ಕೊಟ್ಟರು’ ಎಂದು ಬಿಟ್ಟವರಿದ್ದಾರೆ. ಮೆದುಳಿನಲ್ಲಿ ನೋವು ತಗ್ಗಿಸುವ ಏರ್ಪಾಡಿಗೆ ಬಲ ಕೊಡಲು ಇವನ್ನು ಕೊಡುವುದು. ಎಲ್ಲರಿಗೂ ಹಿಡಿಸುವುದಿಲ್ಲ, ನಿದ್ದೆಮಂಪರು, ಬಾಯಿ ಒಣಗುವುದು, ತೂಕ ಏರುವುದು ಇರುತ್ತದೆ. ಬಿಡುವುದಾದರೂ ವೈದ್ಯರನ್ನು ಕೇಳಿ ನಿಧಾನವಾಗಿ ಬಿಡಬೇಕು. ಉರಿಯೂತ ಇಲ್ಲದ ಕಾಯಿಲೆಯಾದ್ದರಿಂದ ಡೈಕ್ಲೊಫಿನಾಕ್‌ನಂಥ ನೋವಿನ ಗುಳಿಗೆ, ಇಂಜೆಕ್ಷನ್‌ಗಳಿಂದ ಇಲ್ಲಿ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಹಾಳು. ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ನೋವಿನ ಪುಡಿಯಂತೂ ಬೇಡವೇ ಬೇಡ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು.

ಎಲ್ಲಕ್ಕಿಂತ ಗಟ್ಟಿಯಾದ ಚಿಕಿತ್ಸೆ ಯಾವುದು? ಯುರೋಪಿನ ಸಂಧಿವಾತ ತಜ್ಞರ ಸಂಘಟನೆ 2016ರಲ್ಲಿ ಇದ್ದಬದ್ದ ಸಂಶೋಧನೆಗಳನ್ನೆಲ್ಲ ಒರೆಗೆ ಹಚ್ಚಿತು. ಬಲವಾದ ಶಿಫಾರಸು ಎಂದು ಅದು ಕೊಟ್ಟದ್ದು ಒಂದಕ್ಕೇ, ವ್ಯಾಯಾಮಕ್ಕೆ. ಈ ಮಾತು ಕೇಳಿದ ಕೂಡಲೇ ಹೆಂಗಸರು, ‘ದಿನವಿಡೀ ಗೇಯುವವರಿಗೆ ಬೇರೆ ವ್ಯಾಯಾಮ ಎಂತಕ್ಕೆ?’ ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಬಗ್ಗಿ ದರಕು ಗುಡಿಸುವುದು, ಹೊರೆ ಹೊರುವುದು, ಒಂದೇ ಭಂಗಿಯಲ್ಲಿ ಕೂತು ಅಡಕೆ ಸುಲಿಯುವುದು ದುಡಿಮೆ. ಕೆಲಸ ಮುಗಿಯುವವರೆಗೆ ಮೈ ಏನೆಂದರೂ ಅಲ್ಲಿ ನಿಲ್ಲಿಸುವಂತಿಲ್ಲ. ವ್ಯಾಯಾಮದಲ್ಲಿ ಎಷ್ಟು, ಯಾವಾಗ ನಿಲ್ಲಿಸಬೇಕು ಎನ್ನುವುದು ನಮ್ಮ ಕೈಯಲ್ಲಿರುತ್ತದೆ. ನೋಯುವ ಮೈಗೆ ಭಯವಿಲ್ಲದ ಚಲನೆಯನ್ನು ಮತ್ತೆ ಕಲಿಸುವುದು ಅದರ ಕೆಲಸ.

ಅತ್ತಿಗೆ ಶುರುಮಾಡಿದ್ದು ಅಂಗಳದಿಂದ ದಣಪೆಯವರೆಗೆ ನಡೆಯುವುದರಿಂದ. ಅಷ್ಟೇ. ಮೊದಲ ಕೆಲವು ವಾರ ನೋವು ಹೆಚ್ಚಿತು. ಹಾಗಾಗುತ್ತದೆಂದು ವೈದ್ಯರು ಮೊದಲೇ ಹೇಳಿದ್ದರಿಂದ ಬಿಡಲಿಲ್ಲ. ಆಮೇಲೆ ತೋಟದ ಸಂಕದವರೆಗೆ, ಆಮೇಲೆ ಶಾಲೆಯವರೆಗೆ. ಇದರ ಗುಟ್ಟು ಇರುವುದು ಒಳ್ಳೆಯ ದಿನಗಳಲ್ಲಿ. ನೋವು ಕಡಿಮೆಯಿದ್ದ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಒಮ್ಮೆಲೇ ಮುಗಿಸೋಣ ಎನ್ನಿಸುತ್ತದೆ. ಮೆತ್ತು ಗುಡಿಸಿ, ಹಪ್ಪಳ ಮಾಡಿ, ನೆಂಟರ ಮನೆಗೂ ಹೋಗಿ ಬಂದರೆ ಮರುದಿನದಿಂದ ವಾರವಿಡೀ ಹಾಸಿಗೆ. ಮನೆಯವರು ಕೇಳುವುದು, ‘ನಿನ್ನೆ ಅಷ್ಟು ಚೊಲೋ ಇದ್ದಳಲ್ಲ, ಇವತ್ತು ಎಂತ ನಾಟಕ?’ ಎಂದು. ಒಳ್ಳೆಯ ದಿನ ಇನ್ನಷ್ಟು ಮಾಡಬಲ್ಲೆ ಅನ್ನಿಸುವಾಗಲೇ ನಿಲ್ಲಿಸಬೇಕು. ಕೆಟ್ಟ ದಿನ ಸ್ವಲ್ಪವಾದರೂ ನಡೆಯಬೇಕು.

ಅವರು ಯಾಣಕ್ಕೂ ಹೋಗಿ ಬಂದರು. ಜಾತ್ರೆಯ ಗದ್ದಲದಲ್ಲಿ ಅಲ್ಲ, ಮಳೆ ನಿಂತ ಮೇಲೆ ಒಂದು ಸಾದಾ ದಿನ. ಅಣ್ಣ ಜೊತೆಗಿದ್ದ. ಕಾಡಿನ ದಾರಿಯಲ್ಲಿ ಕೂತು, ನೀರು ಕುಡಿದು, ಮೆಟ್ಟಿಲಿನಲ್ಲಿ ಮತ್ತೆ ಕೂತು, ಹಿಂದೆ ಬಂದವರನ್ನೆಲ್ಲ ಮುಂದೆ ಬಿಟ್ಟು ಹತ್ತಿದರು. ಗುಹೆಯ ಲಿಂಗದ ಮೇಲೆ ಬಂಡೆಯಿಂದ ಬೀಳುವ ನೀರನ್ನು ನೋಡುತ್ತ ಬಹಳ ಹೊತ್ತು ನಿಂತರಂತೆ. ಮರುದಿನಕ್ಕೆ ಯಾವ ಕೆಲಸವನ್ನೂ ಇಟ್ಟುಕೊಂಡಿರಲಿಲ್ಲ, ಅಡುಗೆ ಅಣ್ಣನದು. ನೋವು ಬಂತು, ಆದರೆ ಮಲಗಿಸುವಷ್ಟಲ್ಲ. ಸೊಕ್ಕಿನಿಂದ ಹತ್ತಿದ್ದಲ್ಲ ಅದು, ಲೆಕ್ಕಾಚಾರದಿಂದ ಹತ್ತಿದ್ದು.

ನಿದ್ದೆಗೆ ಹೊತ್ತು ಗೊತ್ತು ಮಾಡಿಕೊಳ್ಳಿ. ಸಂಜೆಯ ಮೇಲೆ ಚಹಾ ಬೇಡ. ಮಳೆಗಾಲದ ಥಂಡಿಯಲ್ಲಿ ಮೈ ಸೆಟೆದುಕೊಂಡರೆ ಬಚ್ಚಲ ಹಂಡೆಯ ಬಿಸಿನೀರಿನ ಸ್ನಾನದಷ್ಟು ಸುಖ ಯಾವ ಗುಳಿಗೆಯಲ್ಲೂ ಇಲ್ಲ. ಯೋಗ, ಉಸಿರಾಟದ ಅಭ್ಯಾಸದಿಂದ ಅನೇಕರಿಗೆ ಅನುಕೂಲವಾಗಿದೆ. ಹಟ ಮಾಡಿ ಮೈ ತಿರುಚುವುದು ಮಾತ್ರ ಬೇಡ. ವರ್ಷಗಟ್ಟಲೆ ನೋವುಂಡವರ ಮನಸ್ಸು ಕುಗ್ಗುವುದು ಸಹಜ. ಬದುಕೇ ಸಾಕೆನ್ನಿಸಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ, ಫೈಬ್ರೊಮಯಾಲ್ಜಿಯಾ ಅದರಲ್ಲಿಲ್ಲ. ಆದ್ದರಿಂದ ನೌಕರಿಯಲ್ಲಿರುವವರಿಗೆ ಈ ಕಾಯಿಲೆಯ ಹೆಸರಿನಲ್ಲಿ ಪ್ರಮಾಣಪತ್ರದ ಆಸರೆಯಿಲ್ಲ. ಮೇಲಧಿಕಾರಿಗಳು, ಮುಖ್ಯೋಪಾಧ್ಯಾಯರು, ತೋಟದ ಯಜಮಾನರು ತಾವಾಗಿಯೇ ತಿಳಿದುಕೊಂಡು ನಡುನಡುವೆ ಎದ್ದು ಓಡಾಡಲು, ಕೂರುವ ಜಾಗ ಬದಲಿಸಲು ಬಿಡಬೇಕು. ಅದಕ್ಕೆ ಕಾಯ್ದೆ ಬೇಕಿಲ್ಲ.

ಕೊನೆಯದಾಗಿ ಮನೆಯ ಗಂಡಸರಲ್ಲಿ ಒಂದು ವಿನಂತಿ. ನಿಮ್ಮ ಹೆಂಡತಿ, ತಾಯಿ, ಅಕ್ಕ, ಸೊಸೆ ಯಾರಾದರೂ ತಿಂಗಳುಗಳಿಂದ ಮೈಯೆಲ್ಲ ನೋವೆನ್ನುತ್ತಿದ್ದರೆ, ಈ ಬಾರಿ ಅವರನ್ನು ಒಬ್ಬರನ್ನೇ ಬಸ್ಸು ಹತ್ತಿಸಬೇಡಿ. ಎಲ್ಲೆಲ್ಲಿ ನೋವು, ಎಂದಿನಿಂದ, ನಿದ್ದೆ ಹೇಗೆ, ಈಗ ನುಂಗುತ್ತಿರುವ ಗುಳಿಗೆ ಯಾವುದು ಎಂದು ಒಂದು ಹಾಳೆಯಲ್ಲಿ ಇಬ್ಬರೂ ಕೂತು ಬರೆಯಿರಿ. ಡಾಕ್ಟರ ಕೋಣೆಯ ಒಳಗೂ ಜೊತೆಗೆ ಹೋಗಿ, ಅವರು ಹೇಳುವುದನ್ನು ಪೂರ್ತಿ ಕೇಳಿ. ಬರುವ ಸುಗ್ಗಿಯಲ್ಲಿ ರಾತ್ರಿ ಒಂಬತ್ತರ ಮೇಲೆ ಅವರ ಮೆಟ್ಟುಗತ್ತಿಯ ಮುಂದೆ ನೀವು ಕೂತುಕೊಳ್ಳಿ.